ಒಂದೇ ಬೋಟು

ಅಕ್ಕನ ಎಡಗಿವಿಯ ಹಿಂದೆ ಬೆರಳುದ್ದದ ಹೊಲಿಗೆಯ ಗುರುತಿತ್ತು. ಸಿಟ್ಟು ಬಂದರೆ ಮೊದಲು ಅದು ಕೆಂಪಾಗುತ್ತಿತ್ತು, ಆಮೇಲೆ ಮುಖ. ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮಲ್ಪೆಯ ಕಡಲ ದಂಡೆಯಲ್ಲಿ ಬೆಳೆದು, ಅಹಮದಾಬಾದಿನ ವಸ್ತ್ರಾಪುರದಲ್ಲಿ ಸಂಸಾರ ಮಾಡಿದವರು. ನಾನು ದಾವಣಗೆರೆಯವಳು, ಸ್ವಭಾವತಃ ಪುಕ್ಕಲಿ. ಈಗ ನನಗೆ ಬರುವ ಸಿಟ್ಟೆಲ್ಲ ಅವರು ಕಲಿಸಿದ್ದು.

ಸೂರತ್ತಿನಲ್ಲಿ ನಮ್ಮ ಮಾವನವರ ಉಡುಪಿ ಹೋಟೆಲಿತ್ತು. ಆಯುಧಪೂಜೆಯ ದಿನ ಇಡೀ ಬಳಗಕ್ಕೆ ಅಲ್ಲೇ ಊಟ. ಮೊದಲು ಗಂಡಸರ ಪಂಕ್ತಿ, ಅವರು ಉಂಡು ಎದ್ದು ಎಲೆಯಡಿಕೆ ಜಗಿದ ಮೇಲೆ ಹೆಂಗಸರದ್ದು. ಮದುವೆಯಾದ ಹೊಸತರಲ್ಲಿ ನಾನು ಸಾರಿನ ಪಾತ್ರೆ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದೆ, ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ವರ್ಷ ಅಕ್ಕ ಎರಡು ಬಾಳೆಲೆ ತಂದು ಗಂಡಸರ ಸಾಲಿನ ತುದಿಗೆ ಹಾಕಿದರು. "ಕೂತ್ಕೊ ಮಾರಾಯ್ತಿ. ಅವರಿಗೆ ಬಿಸಿ ಸಾರು, ನಮಗೆ ಪಾತ್ರೆ ತಳದ್ದಾ? ಇದು ಯಾವ ಊರಿನ ನ್ಯಾಯ?" ಎಂದರು. ಮಾವನವರ ಕೈಯ ತುತ್ತು ಕೈಯಲ್ಲೇ ನಿಂತಿತು. ಮುಂದಿನ ವರ್ಷದಿಂದ ಎಲ್ಲರಿಗೂ ಒಂದೇ ಪಂಕ್ತಿಯಾಯಿತು.

ಅಕ್ಕನ ಗಂಡ, ನನ್ನ ಭಾವ, ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಐವತ್ತರ ಹತ್ತಿರ ಬಂದ ಮೇಲೆ ಕ್ಲಬ್ಬಿನ ಕೊಳದಲ್ಲಿ ಈಜು ಕಲಿತು, ಆಫೀಸಿನ ಗೆಳೆಯರ ಜೊತೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಕಡಲಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಶುರುಮಾಡಿದರು. ಅಕ್ಕನೂ ಕಲಿಯಲು ಹೋದರು. ಕಿವಿಗೆ ಆಪರೇಷನ್ ಆದವರು ಆಳಕ್ಕೆ ಇಳಿಯಬಾರದು ಎಂದು ಡಾಕ್ಟರು ತಡೆದರು. "ಕಡಲಲ್ಲಿ ಬೆಳೆದವಳು ದಡದಲ್ಲಿ, ಕೊಳದಲ್ಲಿ ಕಲಿತವರು ಕಡಲಲ್ಲಿ! ಆಯ್ತು, ಇಳಿಯುದಿಲ್ಲ. ಮೇಲಿಂದ ನೋಡ್ಲಿಕ್ಕೆ ಯಾರಪ್ಪನ ಅಪ್ಪಣೆ ಬೇಕು?" ಎಂದಿದ್ದರು.

ಮದುವೆಯ ಮೂವತ್ತನೇ ವರ್ಷಕ್ಕೆ ಕೆರಿಬಿಯನ್ ದ್ವೀಪಕ್ಕೆ ಹೋಗೋಣ ಎಂದು ಭಾವ ಘೋಷಿಸಿದರು. ಹೆಂಡತಿಗೋಸ್ಕರವಂತೆ! ಡೈವಿಂಗ್ ಗೆಳೆಯರು, ಅವರ ಸಂಸಾರಗಳು, ನಮ್ಮತ್ತೆ, ನಾನು, ನನ್ನ ಗಂಡ, ಎಲ್ಲರೂ. ಭಾನುವಾರ ಸಂಜೆ ವಸ್ತ್ರಾಪುರದ ಮನೆಯ ಉಯ್ಯಾಲೆಯಲ್ಲಿ ಕೂತು, ಚಹಾಕ್ಕೆ ಗರಿಗರಿ ಖಾಖರಾ ರೊಟ್ಟಿ ಮುರಿಯುತ್ತಾ ಗಂಡಸರು ಒಂದು ದ್ವೀಪ ಆರಿಸಿದರು. ಬೆಳಿಗ್ಗೆ ಡೈವರ್‌ಗಳ ಬೋಟು ಹೊರಟರೆ ಊಟದ ಹೊತ್ತು ದಾಟಿ ವಾಪಸು. ಉಳಿದವರು ಏನು ಮಾಡಬೇಕು ಎಂದು ಅಕ್ಕ ಕೇಳಿದರು.

"ಭಾಭೀಜಿ, ಆಪ್ ಲೋಗ್ ಶಾಪಿಂಗ್ ಕರ್ ಲೇನಾ" ಎಂದ ಒಬ್ಬ ಗೆಳೆಯ.

"ಶಾಪಿಂಗ್ ಕೇ ಲಿಯೇ ಲಾಲ್ ದರ್ವಾಜಾ ಹೈ ನಾ, ಭಾಯ್" ಎಂದು, ಶಾಪಿಂಗಿಗೆ ಅಹಮದಾಬಾದಿನ ಪೇಟೆಯೇ ಸಾಕು ಎಂಬಂತೆ ಹೇಳಿ ಅಕ್ಕ ಒಳಗೆ ಬಂದರು. ಕಿವಿಯ ಹಿಂದೆ ಕೆಂಪಗಾಗಿತ್ತು. "ಭೂಮಿಯ ಆಚೆ ಬದಿಗೆ ಹೋಗಿ ಇವರ ಒದ್ದೆ ಚಡ್ಡಿ ಒಣಗಿಸ್ಲಿಕ್ಕೆ ನಾನು ಮೂವತ್ತು ವರ್ಷ ಕಾದದ್ದಾ?"

ಆವತ್ತಿನಿಂದ ಏರ್ಪಾಡು ಅವರ ಕೈಗೆ ಬಂತು. ಹವಳದ ದಿಬ್ಬ ನೀರಿನ ಮೇಲಿಂದಲೇ ಕಾಣುವಂಥ, ಅಲ್ಲಿಂದ ಆಳಕ್ಕೂ ಇಳಿಯುವಂಥ ದ್ವೀಪ ಹುಡುಕಿದರು. ಸಿಲಿಂಡರ್ ಹೊತ್ತವರು ಕೆಳಗೆ ಹೋಗಲಿ, ಹೊರದವರು ಅದೇ ಜಾಗದಲ್ಲಿ ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ಹಾಕಿಕೊಂಡು ಮೇಲೆ ತೇಲಲಿ. ಆಳಕ್ಕೆ ಇಳಿದವರು ಒಂದು ದಿನ ಕಳೆಯದೆ ವಿಮಾನ ಹತ್ತಿದರೆ ಮೈಗೆ ಅಪಾಯವಂತೆ, ಹಾಗಾಗಿ ಕಡೆಯ ದಿನ ಎಲ್ಲರೂ ಒಟ್ಟಿಗೆ ಊರು ಸುತ್ತುವುದು. "ಆ ಒಂದು ದಿನವಾದ್ರೂ ನಮ್ಮ ಗಂಡಂದಿರು ಒಣಗಿರ್ತಾರೆ" ಎಂದು ನಕ್ಕರು. ಅವರ ಷರತ್ತು ಒಂದೇ: "ಒಂದೇ ಬೋಟು. ಇಲ್ಲದಿದ್ರೆ ನಾನಿಲ್ಲ." ಗಂಡಸರೆಲ್ಲ ತಲೆಯಾಡಿಸಿದರು.

ನನಗೆ ನೀರೆಂದರೆ ಜೀವಭಯ. ಅಕ್ಕ ಬಚ್ಚಲುಮನೆಯಲ್ಲಿ ಬಕೆಟ್ ತುಂಬಿ, ಬಾಯಿಗೆ ಕೊಳವೆ ಕಚ್ಚಿಸಿ, ನನ್ನ ಮುಖ ಅದ್ದಿಸಿ ಉಸಿರಾಡುವುದನ್ನು ಕಲಿಸಿದರು. "ಹೆದರ್ಬೇಡ, ಬಕೆಟಲ್ಲಿ ಮೊಸಳೆ ಇಲ್ಲ" ಎನ್ನುತ್ತಿದ್ದರು. ಎಪ್ಪತ್ತು ದಾಟಿದ ನಮ್ಮತ್ತೆಗೂ ಅದೇ ಬಕೆಟಿನಲ್ಲಿ ಪಾಠವಾಯಿತು.

ದ್ವೀಪ ಮುಟ್ಟಿದ ಸಂಜೆಯೇ ಭಾವ ರಾಗ ಎಳೆದರು. "ನಾಳೆ ನಾವು ಬೇರೆ ಬೋಟಲ್ಲಿ ಹೋಗ್ತೇವೆ, ಆಳದ ಜಾಗಕ್ಕೆ. ಬುಕ್ ಮಾಡಿ ಆಯ್ತು. ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಥೂ, ಮಾತು ಕೊಟ್ಟು ಹೀಗಾ! ಅಕ್ಕ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ಬೋಟಿನೊಳಗೆ ಸಿಲಿಂಡರುಗಳ ಪಕ್ಕ ಕೂತುಬಿಟ್ಟರು.

"ಇಳಿ. ಜನ ನೋಡ್ತಿದ್ದಾರೆ" ಎಂದರು ಭಾವ.

"ನೋಡ್ಲಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವವರು ಹೇಗಿರ್ತಾರೆ ಅಂತ ಅವರಿಗೂ ಗೊತ್ತಾಗ್ಲಿ."

ಭಾವ ತಾಯಿಯ ಕಡೆ ತಿರುಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ನನ್ನ ಕೈ ಹಿಡಿ" ಎಂದು ನನಗೆ ಹೇಳಿ, ತಾವೂ ಹತ್ತಿ ಅಕ್ಕನ ಪಕ್ಕ ಕೂತರು. ಬೋಟಿನವನು ನಕ್ಕು, ಹಾಗಾದರೆ ಎಲ್ಲರಿಗೂ ಆಗುವ ಜಾಗಕ್ಕೇ ಹೋಗೋಣ ಎಂದ. ಗಂಡಸರು ಮುಖ ಗಂಟು ಹಾಕಿಕೊಂಡು ಹತ್ತಿದರು.

ನೀರಿನಲ್ಲಿ ನಾನು ಅಕ್ಕನ ಕೈ ಬಿಡಲೇ ಇಲ್ಲ. ಕೆಳಗೆ ನೇರಳೆ ಬಣ್ಣದ ಬೀಸಣಿಗೆಯಂಥ ಹವಳ, ಅದರಾಚೆ ಭಾವ ಮತ್ತು ಗೆಳೆಯರು. ಅವರ ಉಸಿರಿನ ಗುಳ್ಳೆಗಳು ಎದ್ದೆದ್ದು ಬಂದು ನಮ್ಮ ಹೊಟ್ಟೆಗೆ ತಗಲಿ ಒಡೆಯುತ್ತಿದ್ದವು. ಅಕ್ಕ ತಲೆಯೆತ್ತಿ ಕೊಳವೆ ಕಿತ್ತು, "ಅಯ್ಯೋ, ಇವರು ಉಸಿರು ಬಿಟ್ರೆ ನಂಗೆ ಕಚಗುಳಿ ಆಗ್ತಾ ಉಂಟು!" ಎಂದು ಕೂಗಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ಎಂದೂ ಕಂಡಿರಲಿಲ್ಲ.

ಮುಂದಿನ ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಅಕ್ಕ ಇರಲಿಲ್ಲ. ಹಾಲು ಕಾಯಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ವೈಕುಂಠ ಸಮಾರಾಧನೆಗೆ ಫೋಟೊ ಬೇಕಾಯಿತು. ಆ ಪ್ರವಾಸದ್ದೇ ಇಡಿ, ಅಲ್ಲಿ ಅವಳು ಸಂತೋಷವಾಗಿದ್ದಳು ಎಂದರು ಅತ್ತೆ. ಉಪ್ಪುನೀರಿಗೆ ಹೆದರಿ, ಬೋಟಿಗೆ ಹೋಗುವಾಗ ನಾವು ಫೋನುಗಳನ್ನು ಕೋಣೆಯಲ್ಲೇ ಬಿಟ್ಟು ಹೋಗಿದ್ದೆವು. ದಡದ ಮೇಲೆ ಎಲ್ಲರ ಫೋಟೊ ತೆಗೆದವರು ಅಕ್ಕನೇ. ಭಾವನ ನೀರಿನೊಳಗಿನ ಕ್ಯಾಮೆರಾ ತೆರೆದು ನೋಡಿದರೆ ಬರೀ ಮೀನು, ಆಮೆ, ಬೆರಳು ಮಡಚಿ ಓಕೆ ಎಂದು ತೋರಿಸುವ ಗೆಳೆಯರು. ಅಕ್ಕ ಒಂದರಲ್ಲೂ ಇಲ್ಲ. ಕೊನೆಗೆ ವೀಸಾಕ್ಕೆ ತೆಗೆಸಿದ್ದ ನಗುವಿಲ್ಲದ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಮೈಯೆಲ್ಲ ಉರಿದುಹೋಯಿತು ನನಗೆ.

"ಅವಳು ಕೆಳಗೆ ಬರ್ಲೇ ಇಲ್ಲ ಅಲ್ಲಾ, ಫೋಟೊ ಎಲ್ಲಿಂದ ಬರ್ತದೆ?" ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು.

ಬಡಿಸುತ್ತಿದ್ದ ಪಾತ್ರೆಯನ್ನು ನೆಲಕ್ಕಿಟ್ಟು, ತುಂಬಿದ ಪಂಕ್ತಿಯ ಎದುರೇ ಹೇಳಿದೆ: "ನಿಮ್ಮ ತಲೆ ಮೇಲೇ ಇದ್ರು, ಭಾವ. ನೀವು ಒಂದ್ಸಲ ಕತ್ತೆತ್ತಿದ್ರೆ ಸಾಕಿತ್ತು."