ಬೆನ್ನ ಹಿಂದಿನ ಮಂದಿ

"ವೈರಿನ ಕೆಲಸ ಹೆಣ್ಮಕ್ಕಳಿಗೆ ಆಗೂದಲ್ಲ, ರೊಟ್ಟಿ ಬಡಿಯೂದು ನೋಡ್ಕೊ" ಎಂದಿದ್ದರು ನಮ್ಮ ಭಾವ. ನಾನು ಪುಸ್ತಕ ಓದಿಯೇ ಸ್ಪೀಕರ್ ಕೆಲಸ ಕಲಿತೆ.

ಕುಷ್ಟಗಿಯಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಮಾಸ್ತರರೊಬ್ಬರ ಮನೆಯದು. ಕಾಲಿನಿಂದ ತಿದಿ ಒತ್ತುವ ತಮ್ಮ ಹಳೆಯ ಹಾರ್ಮೋನಿಯಂನ ದನಿಯನ್ನು ಕಂಪ್ಯೂಟರಿಗೆ ಹಾಕಿಸಿ, ಈಗ ಕೀಬೋರ್ಡಿನಲ್ಲಿ ನುಡಿಸುತ್ತಿದ್ದರು. ಅದು ನಾಟಕದ ಥೇಟರಿನಲ್ಲಿ ಕೇಳಿಸಿದಂತೆ ಮನೆಯಲ್ಲೂ ಕೇಳಿಸಬೇಕಿತ್ತು. ಸ್ಪೀಕರುಗಳನ್ನೆಲ್ಲ ಅವರ ಎದುರಿಗಿಟ್ಟು ಎಕೋ ಕೂಡಿಸಿದೆ.

"ತಂಗಿ, ಇದು ಬಾವ್ಯಾಗ ಬಿದ್ದಂಗ ಐತಿ. ಹುಬ್ಬಳ್ಳಿ ಮಿಸ್ತ್ರೀನ ಕರಸ್ಲೇನು?" ಅಂದರು ಮಾಸ್ತರರು.

ಅವನು ಬಂದರೆ ಊರಲ್ಲಿ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲ.

"ನಾಟಕದಾಗ ನೀವು ಎಲ್ಲಿ ಕುಂದರ್ತಿದ್ರಿ, ಮಾಸ್ತರ?"

"ಸ್ಟೇಜಿಗೆ ಮುಖ ಮಾಡಿ, ಕೆಳಗ. ಮಂದಿ ಎಲ್ಲಾ ಬೆನ್ನ ಹಿಂದ."

ಎರಡು ಸ್ಪೀಕರುಗಳನ್ನು ಅವರ ಹಿಂದಕ್ಕೆ ಒಯ್ದು, ಎಕೋ ಅವುಗಳಿಂದ ಮಾತ್ರ ತುಸು ತಡವಾಗಿ ಬರುವಂತೆ ಮಾಡಿದೆ. ಮಾಸ್ತರರು ಒಂದು ಸ್ವರ ಒತ್ತಿ, ಥಟ್ಟನೆ ಕೈ ತೆಗೆದರು. ಕೆಟ್ಟಿತು ಅಂದುಕೊಂಡೆ. ಅವರು ನಿಧಾನವಾಗಿ ತಿರುಗಿ ಹಿಂದಿನ ಖಾಲಿ ಗೋಡೆ ನೋಡಿದರು.

"ಬಂದಾರ" ಅಂದರು.

ಆ ಮನೆಯಿಂದಲೇ ನನ್ನ ಹೆಸರು ಹಬ್ಬಿತು. ಈಗ ಬಸ್ ನಿಲ್ದಾಣದ ಎದುರು ನನ್ನ ಸ್ವಂತ ಅಂಗಡಿಯಿದೆ. ಅದಕ್ಕೆ ತೆತ್ತ ಬೆಲೆ ನನ್ನ ಭಾನುವಾರಗಳು. ಅವತ್ತು ತಪ್ಪದೆ ಮಾಸ್ತರರ ಫೋನು ಬರುತ್ತದೆ: "ತಂಗಿ, ಮಂದಿ ಇವತ್ತ ಭಾಳ ದೂರ ಕುಂತಾರ. ಸ್ವಲ್ಪ ಮುಂದ ಕರಿ ಬಾ."