ಅರೆ ಡಿಗ್ರಿ ಮೇಷ್ಟ್ರು

ವಿಜ್ಞಾನದ ಮೇಷ್ಟ್ರು ಮಂಗಳವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಜ್ವರ ನೆತ್ತಿಗೇರಿತ್ತು. ಮಂಚಕ್ಕೆ ತೂಗುಹಾಕಿದ್ದ ಪಟ್ಟಿಯ ಪ್ರಕಾರ ಮೂರು ದಿನವೂ ಅವರಿಗೆ ಜ್ವರವೇ ಇರಲಿಲ್ಲ. ಸರಿಯಾದ ಅಂಕಿ ಡಾಕ್ಟರ ಕಣ್ಣಿಗೆ ಬಿದ್ದದ್ದು ಸೋಮವಾರ ಸಂಜೆ. ಅಷ್ಟರಲ್ಲಿ ಹೊತ್ತು ಮೀರಿತ್ತು.

ಇಪ್ಪತ್ತಾರು ವರ್ಷ ಶಾಲೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕೂತ ಲೆಕ್ಕದ ಮೇಷ್ಟ್ರಿಗೆ, ಅಳು ಬರುವ ಮೊದಲು ಒಂದು ಹಳೆಯ ಮಾತು ನೆನಪಿಗೆ ಬಂತು. ಅದನ್ನು ಆಡಿದವರು ತಾವೇ.

ಮಕ್ಕಳು ವಿಜ್ಞಾನದ ಮೇಷ್ಟ್ರಿಗೆ ಇಟ್ಟ ಹೆಸರು ಅರೆ ಡಿಗ್ರಿ. ಅವರ ತರಗತಿಯಲ್ಲಿ ಒಂದೇ ಥರ್ಮಾಮೀಟರನ್ನು ಮೂವರು ನೋಡಬೇಕು, ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆದು ಮಡಚಿಡಬೇಕು. ಬಿಚ್ಚಿದಾಗ ಅರ್ಧ ಡಿಗ್ರಿ ವ್ಯತ್ಯಾಸ ಕಂಡರೂ ಮತ್ತೆ ಮೊದಲಿಂದ. "ಕಣ್ಣು ಪಾದರಸದ ನೇರಕ್ಕೆ ತಾರೋ, ಕತ್ತೆ! ಮೇಲಿಂದ ಇಣುಕಿದ್ರೆ ಸುಳ್ಳು ಕಾಣತ್ತೆ" ಎಂಬ ಕೂಗು ಪಕ್ಕದ ಕೋಣೆಗೂ ಕೇಳುತ್ತಿತ್ತು. "ಸ್ನಾನದ ನೀರಿಗೂ ಥರ್ಮಾಮೀಟರ್ ಅದ್ದೋ ಗಂಡನ್ನ ಕಟ್ಕೊಂಡೆ ನೋಡಿ" ಎಂದು ಅವರ ಹೆಂಡತಿ ನಗುತ್ತಿದ್ದರು.

ಊರು ಎತ್ತರದಲ್ಲಿತ್ತು. ಪುಸ್ತಕದಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಅಲ್ಲಿ ತೊಂಬತ್ತಾರೂವರೆಗೇ ಕುದಿಯುತ್ತಿತ್ತು. ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೂವತ್ತೊಂದು ಮಕ್ಕಳೂ ಕಂಡದ್ದನ್ನೇ ಬರೆದರು. ಹೊರಗಿನಿಂದ ಬಂದ ಪರೀಕ್ಷಕರು ಮೂವತ್ತೊಂದಕ್ಕೂ ಸೊನ್ನೆ ಸುತ್ತಿದರು. ಅಪ್ಪ ಅಮ್ಮಂದಿರು ಗೇಟಿನಲ್ಲಿ ಜಮಾಯಿಸಿದರು.

"ನೀರಿಗೇನ್ರೀ ಗೊತ್ತು?" ಎಂದರು ಹೆಡ್‌ಮಾಸ್ಟರು. "ಪುಸ್ತಕದಲ್ಲಿರೋ ಹಾಗೆ ಕುದಿಸಿ."

ಅಂದು ಸಂಜೆ ಲೆಕ್ಕದ ಮೇಷ್ಟ್ರು ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮೂರೂವರೆ ಡಿಗ್ರಿಗೋಸ್ಕರ ಮಕ್ಕಳ ವರ್ಷ ಹಾಳು ಮಾಡ್ಬೇಡ ಮಾರಾಯ. ನೂರು ಅಂತ ಬರೆಸಿ ಕೈ ತೊಳ್ಕೋ."

ಮರುವರ್ಷ ನೂರು ಬರೆಸಿದರು. ಎಲ್ಲರಿಗೂ ಪೂರ್ತಿ ಅಂಕ ಬಂತು. ಚೀಟಿಗಳು ನಿಂತವು. ಕ್ರಮೇಣ ಮಕ್ಕಳು ಸ್ಟೌ ಹಚ್ಚುವುದನ್ನೂ ಬಿಟ್ಟು, ಒಣ ಬೀಕರಿನ ಮುಂದೆ ಕೂತು ನೂರು ಎಂದು ಗೀಚಿ ಎದ್ದು ಹೋಗತೊಡಗಿದರು.

"ಬೆಂಕಿನೇ ಇಲ್ದೆ ನೀರು ಕುದಿಸೋ ವಿದ್ಯೆ ಕಲಿಸಿಬಿಟ್ಟೆ ನೋಡು" ಎಂದಿದ್ದರು ವಿಜ್ಞಾನದ ಮೇಷ್ಟ್ರು. ಲೆಕ್ಕದ ಮೇಷ್ಟ್ರು ನಕ್ಕಿದ್ದರು.

ಸೋಮವಾರ ಮಧ್ಯಾಹ್ನ ಲೆಕ್ಕದ ಮೇಷ್ಟ್ರು ಆಸ್ಪತ್ರೆಗೆ ಹೋದಾಗ ನರ್ಸು ಸಾಲಿನ ಎಂಟೂ ಪಟ್ಟಿಗಳನ್ನು ತುಂಬುತ್ತ ಬರುತ್ತಿದ್ದಳು. ಯಾರ ಮೈಯನ್ನೂ ಮುಟ್ಟಲಿಲ್ಲ. ಎಲ್ಲರಿಗೂ ತೊಂಬತ್ತೆಂಟು ಪಾಯಿಂಟ್ ಆರು, ಅಂದರೆ ಜ್ವರವಿಲ್ಲ. ಅದನ್ನು ಓದಿಯೇ ಡಾಕ್ಟರು ದಿನವೂ ಮುಂದಿನ ಮಂಚಕ್ಕೆ ದಾಟುತ್ತಿದ್ದರು. ಮೂರು ದಿನ ಮಂಪರಿನಲ್ಲಿದ್ದ ವಿಜ್ಞಾನದ ಮೇಷ್ಟ್ರಿಗೆ ಅಂದು ಎಚ್ಚರವಿತ್ತು.

"ಥರ್ಮಾಮೀಟರ್ ಇಡಲ್ವೇನಮ್ಮಾ?"

"ಎಲ್ಲಾ ಸರಿಯಾಗೇ ಇದೆ ಸಾರ್, ಮಲಕ್ಕೊಳ್ಳಿ. ಗುರುತು ಸಿಗ್ಲಿಲ್ವಾ? ನಿಮ್ಮ ಕ್ಲಾಸಲ್ಲೇ ಓದಿದ್ದು ನಾನು. ಲ್ಯಾಬಲ್ಲಿ ನಂಗೆ ಪೂರ್ತಿ ಮಾರ್ಕ್ಸು!"

ಅವಳು ಹೋದ ಮೇಲೆ ವಿಜ್ಞಾನದ ಮೇಷ್ಟ್ರು ಹೆಂಡತಿಯಿಂದ ಮನೆಯ ಥರ್ಮಾಮೀಟರ್ ತರಿಸಿ ಕಂಕುಳಲ್ಲಿ ಇಟ್ಟುಕೊಂಡರು. ತೆಗೆದು ನೋಡಿ, ಔಷಧಿ ಚೀಟಿಯ ಹಿಂದೆ ಬರೆದು ಮಡಚಿ, ಥರ್ಮಾಮೀಟರನ್ನು ಲೆಕ್ಕದ ಮೇಷ್ಟ್ರ ಕೈಗೆ ಕೊಟ್ಟರು.

"ನೀನೂ ನೋಡಿ ಬರಿ. ಬಾಯಿ ಬಿಡ್ಬೇಡ."

ಎರಡೂ ಚೀಟಿ ಬಿಚ್ಚಿದರು. ಲೆಕ್ಕದ ಮೇಷ್ಟ್ರದು ನೂರ ನಾಲ್ಕು, ವಿಜ್ಞಾನದ ಮೇಷ್ಟ್ರದು ನೂರ ಮೂರೂವರೆ.

"ಕಣ್ಣು ನೇರಕ್ಕೆ ತಾರೋ, ಕತ್ತೆ."

ಲೆಕ್ಕದ ಮೇಷ್ಟ್ರು ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ನೂರ ಮೂರೂವರೆಯೇ. ಡಾಕ್ಟರನ್ನು ಹುಡುಕಿ ತರಲು ಎದ್ದವರ ತೋಳನ್ನು ವಿಜ್ಞಾನದ ಮೇಷ್ಟ್ರು ಹಿಡಿದರು.

"ತಾಳು. ಬಾಯಿಮಾತು ಅವ್ರು ನಂಬಲ್ಲ. ಮೊದಲು ಆ ಪಟ್ಟಿ ಕೊಡು."

ಪಟ್ಟಿಯನ್ನು ಎದೆಯ ಮೇಲೆ ಇಡಿಸಿಕೊಂಡು, ಅಂದಿನ ಅಂಕಿಗೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ನೂರ ಮೂರೂವರೆ ಎಂದು ಬರೆದು, ಗಡಿಯಾರ ನೋಡಿ ಸಮಯವನ್ನೂ ಹಾಕಿದರು.