ಒಂಬತ್ತು ಬಾಲ್ ಬೇರಿಂಗ್

ಊರಿಗೆ ಎಸ್‌ಟಿಡಿ ಫೋನಿನ ಅಂಗಡಿ ಬಂದ ಹೊಸತು. ಆಗ ಗುಡೇಕೋಟೆಯ ಹುಡುಗರಿಗೆ ಗಾಜಿನ ಗೋಲಿ ಗೆದ್ದರೆ ಗೆದ್ದಂತಲ್ಲ. ಸೈಕಲ್ ಗಾಲಿಯ ನಡುವೆ ಇರುತ್ತವಲ್ಲ, ಬಟಾಣಿಯಷ್ಟು ಉಕ್ಕಿನ ಗುಂಡುಗಳು, ಅವನ್ನು ಗೆಲ್ಲಬೇಕು. ಅವಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೂ ಬಾಲ್ ಬೇರಿಂಗ್ ಎಂದೇ ಅನ್ನುತ್ತಿದ್ದೆ.

ಇದು ನನ್ನ ಬಾಲ್ಯವಲ್ಲ, ಮಗಳು ಕೊಟ್ರವ್ವನದು. ಆ ಬೇಸಿಗೆಗೆ ಅವಳಿಗೆ ಹನ್ನೊಂದು ವರ್ಷ. ಹುಡುಗರ ಜೊತೆ ಗೋಲಿ ಆಡುವುದನ್ನು ನಮ್ಮ ಮನೆಯವರು ನೋಡಿ, "ಇನ್ನೊಮ್ಮೆ ಕಂಡ್ರ ಸಾಲಿ ಬಿಡಿಸಿ ಹಿರೇಹಡಗಲಿಗೆ ನಮ್ಮಕ್ಕನ ಮನಿಗೆ ಕಳಸ್ತೀನಿ. ದನ ಕಾಯಲಿ" ಎಂದಿದ್ದರು. ಅಂದದ್ದನ್ನು ಮಾಡುವ ಮನುಷ್ಯ.

ಒಂದು ದಿನ ಅವರು ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಒಂದು ಮಗ್ಗುಲಿನ ಬೇರಿಂಗುಗಳನ್ನು ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆಗೆ ಹಾಕಿ, ಗ್ರೀಸ್ ತರಲು ಬಸ್ಸಿನಲ್ಲಿ ಕೂಡ್ಲಿಗಿಗೆ ಹೋದರು. ನಾನು ರೊಟ್ಟಿ ತಟ್ಟಿ ಹೊರಗೆ ಬಂದರೆ ಚಿಪ್ಪಿನಲ್ಲಿ ಎಣ್ಣೆ ಮಾತ್ರ. ಕೊಟ್ರವ್ವನ ಲಂಗವೆಲ್ಲ ಸೀಮೆಎಣ್ಣೆ ವಾಸನೆ.

"ಎಲ್ಲಿ ಅದಾವ?"

"ಸೋತೆ ಅವ್ವಾ. ಬಾಷಾ ಗೆದ್ದ. ಒಂಬತ್ತೂ."

ಬೆನ್ನಿಗೆ ಒಂದು ಬಿಟ್ಟೆ. ಆಮೇಲೆ ಕೈ ಹಿಡಿದು ಗಿರಣಿ ಮುಂದಿನ ಬೇವಿನ ಮರದ ಹತ್ತಿರ ಎಳೆದುಕೊಂಡು ಹೋದೆ. ಹುಡುಗರೆಲ್ಲ ಅಲ್ಲೇ ಇದ್ದರು.

"ಕೊಡಲೇ ಬಾಷಾ."

"ಕದ್ದಿಲ್ಲ ಯಕ್ಕಾ, ಗೆದ್ದೀನಿ. ಬೇಕಂದ್ರ ಆಡಿ ಗೆಲ್ರಿ."

ಹುಡುಗರು ಕೇಕೆ ಹಾಕಿದರು. ಅವನ ಮಾತು ಸರಿಯಿತ್ತು. ಸೋತರೆ ಒಂದು ಸೇರು ಹುರಿದ ಶೇಂಗಾ ಕೊಡುತ್ತೇನೆ ಎಂದೆ. ಅವನು ಒಂಬತ್ತನ್ನೂ ಗೆರೆಯೊಳಗೆ ಇಟ್ಟ. ಗೋಲಿಯಿಂದ ಹೊಡೆದು ಹೊರಗೆ ಹಾಕಿದ್ದು ಹೊಡೆದವರದು. ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತೆ. ಮೊದಲನೆಯದು ತಪ್ಪಿತು.

"ಯಕ್ಕಗ ಚಷ್ಮಾ ತರ್ರಲೇ!" ಎಂದ ಒಬ್ಬ.

ಬಾಷಾ ನಗುತ್ತಲೇ ಹೊಡೆದ, ಅವನದೂ ತಪ್ಪಿತು. ಆಮೇಲೆ ನಾನು ತಪ್ಪಲಿಲ್ಲ. ನಡುಬೆರಳನ್ನು ಹಿಂದಕ್ಕೆ ಬಗ್ಗಿಸಿ ಗೋಲಿ ಬಿಡುವುದನ್ನು ಸಣ್ಣವಳಿದ್ದಾಗ ಅಣ್ಣಂದಿರ ಜೊತೆ ಆಡಿ ಕಲಿತಿದ್ದೆ. ಎಂಟು ಗೆದ್ದೆ. ಒಂಬತ್ತನೆಯದೂ ಗೆರೆ ದಾಟಿ ಉರುಳಿ ಯಾರದೋ ಚಪ್ಪಲಿಗೆ ತಾಗಿ ನಿಂತಿತು. ತಲೆ ಎತ್ತಿದೆ. ನಮ್ಮ ಮನೆಯವರು, ಕೈಯಲ್ಲಿ ಗ್ರೀಸ್ ಡಬ್ಬಿ.

ಕೊಟ್ರವ್ವ ನನ್ನ ಬೆನ್ನ ಹಿಂದೆ ಸೇರಿಕೊಂಡಳು.

"ಏನಿದು?"

"ಗೋಲಿ" ಎಂದೆ. "ಹಿರೇಹಡಗಲಿಗೆ ಕಳಸಾದಾದ್ರ ಇಬ್ಬರನ್ನೂ ಕಳಸ್ರಿ. ಎಮ್ಮಿ ಹಾಲು ನೀವಾ ಕರಕೊಳ್ರಿ."

ಆ ಎಮ್ಮೆ ಅವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಬಗ್ಗಿ ಬೇರಿಂಗ್ ಎತ್ತಿದರು, ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು. ಹಿರೇಹಡಗಲಿಯ ಮಾತು ಮತ್ತೆ ಎತ್ತಲಿಲ್ಲ. ಕೊಟ್ರವ್ವ ಹತ್ತನೆಯವರೆಗೂ ಓದಿದಳು.

ಈಗ ಗಿರಣಿ ಇಲ್ಲ, ಬೇವೂ ಇಲ್ಲ. ಅಲ್ಲಿ ಸಿಮೆಂಟು ಹಾಕಿದ್ದಾರೆ, ಗೆರೆ ಎಳೆಯಲು ಮಣ್ಣಿಲ್ಲ. ಸೈಕಲ್ಲು ಗುಜರಿಗೆ ಹೋಯಿತು, ಅವರೂ ಹೋದರು. ನನ್ನ ನಡುಬೆರಳು ಸೂಜಿ ಹಿಡಿಯಲೂ ಬಗ್ಗುವುದಿಲ್ಲ. ಬೇಕಾದ ದಿನ ಬಗ್ಗಿತ್ತು.